ಚಂದ್ರ ಕಾಣದ ಸಂಜೆ

ರೇಡಿಯೋದೊಳಗಿನ ದೂಳು ಬಿಸಿಯಾದಾಗ ಏಳುತ್ತಿದ್ದ ವಾಸನೆ ಅದು. ಉಪ್ಪಿನಂಗಡಿಯಲ್ಲಿ ತಂದೆಯ ರಿಪೇರಿ ಅಂಗಡಿಯಲ್ಲಿ ಕೂತು ಹಸನ್ ಕುಂಞಿ ಚಿಕ್ಕಂದಿನಲ್ಲಿ ಅದನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದರು. ಈಗ ಸೌದಿಯ ಅಲ್ ಖೋಬರಿನ ಕಚೇರಿಯಲ್ಲಿ ಅವರ ಹಳೆಯ ಕಂಪ್ಯೂಟರಿನಿಂದ ಅದೇ ವಾಸನೆ ಬರುತ್ತಿತ್ತು. ಕಪ್ಪು ಪರದೆ ಒಂದೇ ಪ್ರಶ್ನೆ ಕೇಳಿ ನಿಂತಿತ್ತು: ಚಂದ್ರ ಕಂಡಿತೇ?

ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೇ ದಿನ. ಕಂಡರೆ ನಾಳೆ ರಂಝಾನಿನ ಮೊದಲ ಉಪವಾಸ. ಕಂಡಿಲ್ಲವೆಂದು ಆಗಷ್ಟೇ ಸುದ್ದಿ ಬಂದಿತ್ತು. ಅವರು ‘ಇಲ್ಲ’ ಎಂದು ಒತ್ತಿದರು.

ಕೆಲಸಗಾರರ ಶಿಬಿರಗಳಿಗೆ ಊಟ ಒದಗಿಸುವ ಕಂಪೆನಿ ಅದು. ಯಾವ ಅಡುಗೆಮನೆ ಎಷ್ಟು ಊಟ ಬೇಯಿಸಬೇಕೆಂಬುದನ್ನು ಹದಿನಾಲ್ಕು ವರ್ಷಗಳಿಂದ ಅವರು ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದ ಆಜ್ಞೆಗಳ ಶೆಲ್ ಸ್ಕ್ರಿಪ್ಟೇ ಹೇಳುತ್ತಿತ್ತು. ಅದನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಹೋದ ವರ್ಷ ಮಗಳು ರಶೀದಾಳ ನಿಕಾಹ್‌ನ ಚಪ್ಪರಕ್ಕೂ ಅಡುಗೆಮನೆಯಿಂದ ಫೋನು ಬಂದಿತ್ತು. ಹಾಗಾಗಿ ಮ್ಯಾನೇಜರ್ ಫಹದ್, ಪರದೆಯ ಮೇಲೆ ಪೆಟ್ಟಿಗೆಗಳನ್ನು ಎಳೆದು ಬಾಣಗಳಿಂದ ಜೋಡಿಸುವ ಹೊಸ ವಿಧಾನದಲ್ಲಿ ಅದೇ ಕೆಲಸ ಮಾಡಿಸಲು ಅದೇ ಕಚೇರಿಯಲ್ಲಿದ್ದ ಉಡುಪಿಯ ಹುಡುಗಿ ಜೆಮ್ಮಾಗೆ ಹೇಳಿದ್ದ. ಈ ವಾರ ಅಲ್ ಖಫ್ಜಿ ಶಿಬಿರದ ಪಟ್ಟಿ ಅವಳ ಪೆಟ್ಟಿಗೆಗಳಿಂದಲೇ ಹೋಗುತ್ತಿತ್ತು. ನಾಳೆ ಎರಡರಲ್ಲೊಂದನ್ನು ಆಯ್ದುಕೊಳ್ಳುವುದು. ಪೆಟ್ಟಿಗೆಗಳಾದರೆ ಹಸನ್ ಕುಂಞಿಯವರು ಅಲ್ಲಿ ಉಳಿಯಲು ಬೇಕಾದ ಪರವಾನಗಿ, ಇಕಾಮಾ, ನವೀಕರಿಸುವುದಿಲ್ಲ. ಫಹದ್ ತಾನೇ ಚಹಾ ಬಗ್ಗಿಸಿಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದ್ದ.

ಅವರು ಸುಮ್ಮನೆ ಜೆಮ್ಮಾಳ ಪಟ್ಟಿ ತೆರೆದು ನೋಡಿದರು. ಅಲ್ ಖಫ್ಜಿ, ನಾಳೆ ಮಧ್ಯಾಹ್ನ: ಊಟ ಸೊನ್ನೆ. ನಾಳೆಯೇ ರಂಝಾನ್ ಎಂದಿದ್ದ ಕ್ಯಾಲೆಂಡರನ್ನು ಪೆಟ್ಟಿಗೆಗಳು ನಂಬಿದ್ದವು. ಅಲ್ಲಿ ಆರುನೂರು ಜನ. ಎಂಟಕ್ಕೆ ಪಟ್ಟಿ ಅಡುಗೆಮನೆಗೆ ಹೋಗುತ್ತದೆ. ಈಗ ಏಳೂ ಕಾಲು. ಅವರು ಸುಮ್ಮನೆ ಮನೆಗೆ ಹೋದರೆ ಸಾಕಿತ್ತು.

ಎದ್ದರು. ಎದುರು ಮೇಜಿನಿಂದ ಜೆಮ್ಮಾ ಕೇಳಿದಳು, “ಎಂತ ಹಸನಾಕ, ಮುಖ ಸಣ್ಣ ಆಗಿದೆ? ನಾಳೆಯ ಚಿಂತೆಯಾ?”

“ಎಂತ ಇಲ್ಲ ಮಾರಾಯ್ತಿ.”

“ನಿಮ್ಮ ಸ್ಕ್ರಿಪ್ಟ್ ನೋಡಿದ್ರೆ ನಂಗೆ ಡಾಕ್ಟ್ರ ಚೀಟಿ ನೋಡಿದ ಹಾಗೆ ಆಗ್ತದೆ!”

ಅವರು ಲಿಫ್ಟಿನವರೆಗೆ ಹೋದರು. ಬಾಗಿಲು ತೆರೆಯಿತು, ಮುಚ್ಚಿಕೊಂಡಿತು. ವಾಪಸು ಬಂದರು.

“ಬಾಯಮ್ಮ, ನಿನ್ನ ಪೆಟ್ಟಿಗೆಗಳು ಖಫ್ಜಿಯವರಿಗೆ ನಾಳೆಯೇ ಉಪವಾಸ ಹಿಡಿಸಿದಾವಲ್ಲ. ಚಂದ್ರ ಕಾಣ್ಲಿಲ್ಲ.”

ಅವಳು ಪಟ್ಟಿ ತೆರೆದು ನೋಡಿದಳು. “ಅಯ್ಯೋ ದೇವರೆ! ಈಗ ಎಂತ ಮಾಡುದು?”

“ಕೂತ್ಕೊ. ಎಲ್ಲಕ್ಕಿಂತ ಮೊದಲು ಒಂದು ಪೆಟ್ಟಿಗೆ ಇಡು. ಮನುಷ್ಯ ಬಂದು ಹೌದು, ಅಲ್ಲ ಹೇಳುವವರೆಗೆ ಎಲ್ಲ ಅಲ್ಲೇ ನಿಲ್ಬೇಕು.”

ಬಾಣ ಎಳೆಯುತ್ತಿದ್ದ ಅವಳ ಕೈ ನಡುವೆ ನಿಂತಿತು. “ಹಸನಾಕ, ನಿಮ್ಮದರಲ್ಲಿ ಮಾತ್ರ ಇದ್ದದ್ದು ಇದರಲ್ಲೂ ಬಂದ್ರೆ ಮತ್ತೆ...”

“ಬರ್ಲಿ. ನೀನು ಗಂಟೆ ನೋಡು.”

ಎಂಟಕ್ಕೆ ಐದು ನಿಮಿಷವಿರುವಾಗ ಪಟ್ಟಿಯಲ್ಲಿ ಆರುನೂರು ಊಟ ಬಂತು.

ಮರುದಿನ ಬೆಳಿಗ್ಗೆ ಜೆಮ್ಮಾ ನಡೆದದ್ದೆಲ್ಲವನ್ನೂ ಫಹದ್‌ಗೆ ಹೇಳಿದಳು. ಅವನು ಹಸನ್ ಕುಂಞಿಯವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆದರೆ ಆಯ್ದದ್ದು ಪೆಟ್ಟಿಗೆಗಳನ್ನೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದರೂ ಅವರು ಪರದೆಯೆದುರು ಕೂತೇ ಇದ್ದರು. ಜೆಮ್ಮಾ ಬಂದಳು. ಕೀಬೋರ್ಡನ್ನು ಮೆಲ್ಲಗೆ ಬದಿಗೆ ಸರಿಸಿ, ತನ್ನ ಬುತ್ತಿಯಿಂದ ಅನ್ನದ ಡಬ್ಬಿಯನ್ನೂ, ಮೀನಿನ ನಡುತುಂಡಿದ್ದ ಸಾರಿನ ಡಬ್ಬಿಯನ್ನೂ ಅವರ ಮುಂದಿಟ್ಟು, ತನ್ನ ಕುರ್ಚಿಗೆ ಹೋಗಿ ಕೂತಳು.