ಓದಲು ಅನುಕೂಲವಾದ ಎತ್ತರ

"ಕೈ ತೆಗೀರಿ ಮದಾಂ, ಅದನ್ನ ಮುಟ್ಟೋ ಹಾಗಿಲ್ಲ!"

ಸೊಲಾಂಜ್ ಕೈ ತೆಗೆಯಲಿಲ್ಲ. ಬೀದಿಯ ಕಲ್ಲುಹಾಸಿನ ಮೇಲೆ ಮಂಡಿಯೂರಿ ಕೂತು, ಗೋಡೆಯಲ್ಲಿ ಕೂರಿಸಿದ್ದ ಬಿಳಿ ಕಲ್ಲಿನ ಗೆರೆಯ ಮೇಲೆ ಬೆರಳಾಡಿಸುತ್ತಲೇ ಇದ್ದಳು. ಗೆರೆ ಎಡಕ್ಕೆ ಎದ್ದು ಬಲಕ್ಕೆ ಜಾರಿತ್ತು. ಅದರ ಕೆಳಗಿನ ತಾರೀಖಿನಲ್ಲಿ ಐದರ ಅಂಕಿ ಬೆನ್ನು ತಿರುಗಿಸಿ ನಿಂತಿತ್ತು. ಅನುಮಾನವೇ ಇಲ್ಲ, ಅಪ್ಪನ ಕೈ. ಓದುಬರಹ ಬಲ್ಲವನೇ, ಉಳಿ ಹಿಡಿದು ಮಾತ್ರ ಗೊತ್ತಿರಲಿಲ್ಲ. ಕಲ್ಲು ಅದೇ, ಗೋಡೆಯೂ ಅದೇ. ಆದರೆ ಗೆರೆ ನಿಂತವರ ಸೊಂಟದೆತ್ತರಕ್ಕಿತ್ತು.

ಅವಳ ಹಿಂದೆ ಊರು ನೋಡಲು ಬಂದವರ ಸಣ್ಣ ಗುಂಪು. ಗುಂಪಿನ ಮುಂದೆ, ಹೊಟ್ಟೆಯ ಮೇಲೆ ಅಧಿಕಾರದ ಮೂರು ಬಣ್ಣದ ಪಟ್ಟಿ ಬಿಗಿದುಕೊಂಡ ಉಪಮೇಯರ್ ಪಾಕ್ಲೆ. ಕೂಗಿದವನು ಅವನೇ. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಊರಿನ ಹಳೆಯ ಬಾಗಿಲುಗಳನ್ನೆಲ್ಲ ತೆರೆದಿಡುವ ಪರಂಪರೆಯ ಭಾನುವಾರ ಅದು. ಪಾಕ್ಲೆ ತಾನೇ ಮುಂದೆ ನಿಂತು ಊರು ತೋರಿಸುತ್ತಿದ್ದ.

"ನೋಡಿ, ಆ ಘೋರ ಚಳಿಗಾಲದಲ್ಲಿ ನದಿ ಇಲ್ಲಿವರೆಗೆ ಬಂದಿತ್ತು," ಎಂದು ಅವನು ಕಲ್ಲಿನ ಪಕ್ಕದ ನೀಲಿ ಫಲಕ ತೋರಿಸಿದ. ಫಲಕದ ಮೇಲೂ ಅದೇ ಇತ್ತು: ನೀರು ಇಲ್ಲಿಯವರೆಗೆ.

ಗುಂಪಿನ ತುದಿಯಲ್ಲಿದ್ದ ಅವಳ ಗಂಡ ರೆಮೀ ಬಗ್ಗಿ ನೋಡಿ, ಗಂಟಲಲ್ಲೇ ನಕ್ಕ. "ಇಷ್ಟೇನಾ? ಇಷ್ಟು ನೀರಿಗಾ ನಿಮ್ಮಪ್ಪ ಮಹಡಿ ಕಿಟಕಿಯಿಂದ ದೋಣಿಗೆ ಇಳಿದಿದ್ದು? ನಾನಾಗಿದ್ರೆ ಪ್ಯಾಂಟು ಮಡಚ್ಕೊಂಡು ನಡ್ಕೊಂಡೇ ಹೋಗ್ತಿದ್ದೆ ಕಣೇ."

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಸೊಲಾಂಜಳ ಕಿವಿಯವರೆಗೆ ರಕ್ತ ಏರಿತು.

ಅಲ್ಲಿಯವರೆಗೆ ದಿನ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಸಾಗಿತ್ತು. ಬೆಳಗಿನ ರೈಲಿನಲ್ಲಿ ಗಂಡಹೆಂಡತಿ ಅವಳ ಹುಟ್ಟೂರು ಷಾಂಪ್ರೀವ್‌ಗೆ ಬಂದಿಳಿದಿದ್ದರು. ಸೇತುವೆಯ ಮೇಲೆ ಮೊಣಕೈ ಊರಿ ಮೀನು ಹಿಡಿಯುವವರನ್ನು ಅಣಕಿಸಿದ್ದರು. ಸಂತೆಯಲ್ಲಿ ಬೂದಿ ಸವರಿದ ಮೇಕೆಚೀಸಿನ ಮುದ್ದೆ ಕೊಂಡು, ಅದು ಚೀಲದಲ್ಲಿ ಕರಗುತ್ತದೋ ಇಲ್ಲವೋ ಎಂದು ಜಗಳವಾಡಿದ್ದರು. ಮಧ್ಯಾಹ್ನ ದಡದ ಹೋಟೆಲಿನಲ್ಲಿ ಕರಿದ ಸಣ್ಣ ಮೀನನ್ನು ಕೈಯಿಂದಲೇ ತಿಂದು, ತಣ್ಣನೆಯ ಬಿಳಿ ವೈನ್ ಕುಡಿದು, ಹುಲ್ಲಿನ ಮೇಲೆ ರೆಮೀ ಟೋಪಿ ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆದಿದ್ದ. ಬೇಸಗೆ ಮುಗಿದಿದ್ದರಿಂದ ನದಿ ಸೊರಗಿ, ಮರಳ ದಿಬ್ಬಗಳ ನಡುವೆ ಸಾಧುಪ್ರಾಣಿಯಂತೆ ಮಲಗಿತ್ತು. ಸೊಲಾಂಜ್ ಬೇಕೆಂದೇ ಈ ಬೀದಿಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಮದುವೆಯಾದ ಮೇಲೆ ಒಮ್ಮೆಯೂ ಅವನನ್ನು ಇಲ್ಲಿಗೆ ಕರೆತಂದಿರಲಿಲ್ಲ. ತನ್ನ ಅಪ್ಪ ಕೆತ್ತಿದ ನೆರೆಯ ಗುರುತನ್ನು ಅವನೇ ಕತ್ತೆತ್ತಿ ನೋಡಬೇಕು, ನೋಡಿ ಬಾಯಿ ಮುಚ್ಚಬೇಕು. ಅಷ್ಟಕ್ಕೇ ಈ ಪ್ರಯಾಣ.

ಏಕೆಂದರೆ ರೆಮೀ ಆ ಕಥೆಯನ್ನು ಎಂದೂ ನಂಬಿರಲಿಲ್ಲ. ಅವನು ಗುಡ್ಡಗಾಡಿನವನು, ಮಳೆ ಬಿದ್ದರೆ ನೀರು ತನ್ನಷ್ಟಕ್ಕೆ ಕೆಳಗೆ ಹೋಗುವ ಊರಿನವನು. ಕಾರು ಓಡಿಸುವುದನ್ನು ಕಲಿಸಿ ಬದುಕಿದವನು. "ನಿಮ್ಮ ಮನೆತನದ ನೀರು ಪ್ರತಿ ಕ್ರಿಸ್‌ಮಸ್‌ಗೂ ಒಂದು ಗೇಣು ಏರುತ್ತೆ. ಅದಕ್ಕೊಂದು ವೇಗಮಿತಿ ಹಾಕ್ಬೇಕು," ಎಂದು ಊಟದ ಮೇಜಿನಲ್ಲಿ ಎಲ್ಲರೆದುರು ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬದುಕಿದ್ದಾಗ ಅಪ್ಪನೂ ತಟ್ಟೆ ನೋಡಿಕೊಂಡು ನಗುತ್ತಿದ್ದ. ಸೊಲಾಂಜಳಿಗೆ ಮಾತ್ರ ಆ ನಗು ಮುಳ್ಳಿನಂತೆ ಉಳಿದುಹೋಗಿತ್ತು.

ಅವಳು ಗೋಡೆ ಹಿಡಿದು ಎದ್ದಳು. "ಈ ಕಲ್ಲು ಇಲ್ಲಿರಲಿಲ್ಲ."

"ಅಂದ್ರೆ?" ಎಂದ ಪಾಕ್ಲೆ.

"ಮೇಲಿತ್ತು. ಬಾಗಿಲ ಮೇಲೆ ಗಾಜಿನ ಕಮಾನು ಇದೆಯಲ್ಲ, ಅದಕ್ಕಿಂತ ಮೇಲೆ. ಮಹಡಿ ಕಿಟಕಿಯ ಬುಡಕ್ಕೆ."

ಅವನು ಅಲ್ಲಗಳೆಯುತ್ತಾನೆ ಎಂದುಕೊಂಡು ಅವಳು ನಾಲಿಗೆ ಮಸೆದಿಟ್ಟುಕೊಂಡಿದ್ದಳು. ಆದರೆ ಪಾಕ್ಲೆಯ ಮುಖ ಅರಳಿತು.

"ಓಹೋ, ಮದಾಂ ನಮ್ಮೂರಿನವರೇ! ಕರೆಕ್ಟಾಗಿ ಹೇಳಿದ್ರಿ, ಮೇಲೇ ಇತ್ತು. ಹೋದ ವರ್ಷ ಗೋಡೆ ರಿಪೇರಿ ಮಾಡ್ಸಿದಾಗ ಕೆಳಗೆ ತಂದ್ವಿ. ಅಷ್ಟೆತ್ತರದಲ್ಲಿದ್ರೆ ಯಾರು ಓದ್ತಾರೆ ಹೇಳಿ? ಕತ್ತು ಉಳುಕುತ್ತೆ. ಈಗ ಮಕ್ಕಳೂ ಓದ್ಬಹುದು, ಗಾಲಿಕುರ್ಚಿಯಲ್ಲಿ ಬಂದವರೂ ಓದ್ಬಹುದು. ಎಲ್ಲರ ಪರಂಪರೆ, ಎಲ್ಲರಿಗೂ ಎಟುಕೋ ಎತ್ತರಕ್ಕೆ!"

ಕೊನೆಯ ಮಾತನ್ನು ಅವನು ಎಷ್ಟೋ ಸಭೆಗಳಲ್ಲಿ ಆಡಿ ನುಣುಪು ಮಾಡಿದ್ದನೆಂದು ಕಾಣುತ್ತದೆ. ಗುಂಪಿನಲ್ಲಿ ಒಬ್ಬಾಕೆ ತಲೆಯಾಡಿಸಿ ಮೆಚ್ಚಿದಳು.

"ಎತ್ತರವೇ ಅಲ್ವೇನ್ರೀ ಅದು ಹೇಳ್ತಿದ್ದಿದ್ದು?" ಸೊಲಾಂಜಳ ದನಿ ಬೀದಿಯ ಆ ತುದಿಗೆ ಮುಟ್ಟಿತು. "ಓದೋದಕ್ಕೆ ಅಲ್ಲಿ ಇದ್ದಿದ್ದೇ ಎತ್ತರ! ತಾರೀಖು ಯಾವ ಪುಸ್ತಕದಲ್ಲಾದ್ರೂ ಸಿಗುತ್ತೆ. ನಾಳೆ ಗಡಿಯಾರದ ಮುಳ್ಳು ಎಲ್ಲರಿಗೂ ಚೆನ್ನಾಗಿ ಕಾಣ್ಲಿ ಅಂತ ಎರಡೂ ಮುಳ್ಳನ್ನ ಕೆಳಗೆ ಆರರ ಮೇಲೇ ನಿಲ್ಲಿಸ್ತೀರಾ?"

"ಮದಾಂ, ಮೇಲಕ್ಕೆ ಒಂದು ಬಾಣದ ಗುರುತು ಹಾಕ್ಸೋ ಯೋಚನೆ ಇತ್ತು. ಆದ್ರೆ ಗೋಡೆಯ ಅಂದ ಕೆಡುತ್ತೆ ಅಂತ ವಾಸ್ತುಶಿಲ್ಪಿ..."

"ಅಂದ! ಸುಳ್ಳು ಬರೆದ್ರೆ ಅಂದ ಕೆಡಲ್ಲ, ಅಲ್ವಾ?"

ರೆಮೀಯ ಕಣ್ಣು ಅಷ್ಟರಲ್ಲಿ ಗೋಡೆ ಹತ್ತುತ್ತಿತ್ತು. ಬಾಗಿಲು, ಗಾಜಿನ ಕಮಾನು, ಅದರ ಮೇಲೆ ಹೊಸ ಗಾರೆ, ಕೊನೆಗೆ ಕಿಟಕಿಯ ಬುಡ. ಅಲ್ಲಿಗೆ ಬಂದು ನಿಂತಿತು. "ಅಷ್ಟು ಮೇಲಾ?" ಎಂದ, ಮೆತ್ತಗೆ.

"ಈಗ ನಂಬಿದ್ಯಾ? ಹೆಂಡತಿ ಹೇಳಿದ್ರೆ ಕಾಗಕ್ಕ ಗುಬ್ಬಕ್ಕನ ಕಥೆ. ಹೊಟ್ಟೆಗೆ ಪಟ್ಟಿ ಕಟ್ಟಿದವನೊಬ್ಬ ಹೇಳಿದ್ರೆ ವೇದವಾಕ್ಯ."

ರೆಮೀ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಸೋಲೊಪ್ಪುವುದನ್ನು ನೋಡಲೆಂದೇ ಇಷ್ಟು ದೂರ ಬಂದಿದ್ದಳು. ಅದು ಸಿಕ್ಕಿತ್ತು, ಆದರೆ ರುಚಿಯಿರಲಿಲ್ಲ.

"ಮದಾಂ." ಬಾಗಿಲಲ್ಲಿ ಒಬ್ಬ ಯುವತಿ ನಿಂತಿದ್ದಳು, ತೋಳಿನ ಮೇಲೆಲ್ಲ ಬಿಳಿ ಬಣ್ಣದ ಕಲೆ. ಹೆಸರು ನೊಯೆಮೀ. ನಗರಸಭೆಯಿಂದ ಈ ಮಳಿಗೆಯನ್ನು ಬಾಡಿಗೆಗೆ ಹಿಡಿದು ಹಳೆ ಪುಸ್ತಕದ ಅಂಗಡಿ ತೆರೆಯುತ್ತಿದ್ದವಳು. "ನೀವು ಹೇಳಿದ್ದು ನಿಜಾನಾ? ಸ್ವಲ್ಪ ಒಳಗೆ ಬನ್ನಿ."

ಸೊಲಾಂಜ್ ಒಳಗೆ ಕಾಲಿಟ್ಟಳು. ಅಪ್ಪನ ಮಾಂಸದಂಗಡಿಯ ಬಿಳಿ ಬಿಲ್ಲೆಗಳು ಗೋಡೆಯಲ್ಲಿ ಇನ್ನೂ ಇದ್ದವು. ಕೆಳಗಡೆ ಸೊಂಟದೆತ್ತರದವರೆಗೆ ಗೋಡೆ ಪೂರ್ತಿ ಖಾಲಿ. ಅಲ್ಲಿಂದ ಮೇಲಕ್ಕೆ ಹೊಸ ಕಪಾಟುಗಳು, ಅವುಗಳ ತುಂಬ ಪುಸ್ತಕ. ಹಿಂಬದಿಯಲ್ಲಿ ಪರದೆಯ ಆಚೆ ಎತ್ತರದ ಮರದ ಕಾಲುಗಳ ಮೇಲೊಂದು ಮಂಚ.

"ಎಲ್ಲವನ್ನೂ ಆ ಗೆರೆಗಿಂತ ಒಂದು ಗೇಣು ಮೇಲಿಟ್ಟೆ," ಎಂದಳು ನೊಯೆಮೀ. "ಮಲಗೋದನ್ನೂ. ಜಾಣತನ ಮಾಡ್ದೆ ಅಂದ್ಕೊಂಡಿದ್ದೆ."

ಸೊಲಾಂಜ್ ಹೋಗಿ ಆ ಮಂಚದ ಅಂಚು ಮುಟ್ಟಿ ನೋಡಿದಳು. ಈ ಕೋಣೆಯಲ್ಲೇ, ಇದೇ ಎತ್ತರದಲ್ಲಿ, ಅಜ್ಜಿಯ ಮಂಚ ನಿಂತಿತ್ತು. ಆಗ ಗೋಡೆಯಲ್ಲಿ ಮುತ್ತಜ್ಜನ ಕಾಲದ ನೆರೆಯ ಗುರುತೊಂದಿತ್ತು, ಸೊಂಟದೆತ್ತರಕ್ಕೆ. ನೀರು ಏರತೊಡಗಿದಾಗ ಇಡೀ ಬೀದಿ ಅದನ್ನು ನಂಬಿತು. ಕಾಲಿಲ್ಲದ ಅಜ್ಜಿಯನ್ನು ಮಹಡಿಗೆ ಹೊರುವ ತಾಪತ್ರಯವೇಕೆ ಎಂದು ಅಪ್ಪ ಮಾಂಸ ಕಡಿಯುವ ಮರದ ದಿಮ್ಮಿಗಳ ಮೇಲೆ ಮಂಚ ಏರಿಸಿಟ್ಟ. ನದಿಗೆ ಹಳೆಯ ಗೆರೆಯ ಲೆಕ್ಕವಿರಲಿಲ್ಲ. ಅಪ್ಪ ಎದೆಮಟ್ಟದ ನೀರಲ್ಲಿ ಅಜ್ಜಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಆದರೂ ಮೈಗೆ ಹೊಕ್ಕ ಚಳಿಯಿಂದ ಅಜ್ಜಿ ಉಳಿಯಲಿಲ್ಲ. ನೀರು ಇಳಿದು, ಗೋಡೆಯ ಮೇಲೆ ಕೆಸರಿನ ಅಂಚು ಇನ್ನೂ ಹಸಿಯಿದ್ದಾಗಲೇ ಅವನು ಏಣಿ ಹಾಕಿ ಉಳಿ ಹಿಡಿದ. ಪುಟ್ಟ ಸೊಲಾಂಜ್ ಕೆಳಗೆ ನಿಂತು ಏಣಿ ಹಿಡಿದಿದ್ದಳು. ಕಲ್ಲಿನ ಪುಡಿ ಅವಳ ಕೂದಲಿಗೆ ಬೀಳುತ್ತಿತ್ತು. ಇನ್ನು ಮೇಲೆ ಯಾರೂ ಆ ಕೆಳಗಿನ ಗೆರೆಯನ್ನು ನಂಬಬಾರದು ಎನ್ನುವುದೊಂದೇ ಅವನ ಬಾಯಲ್ಲಿ.

ಅವಳು ಹೊರಬಂದು ಪಾಕ್ಲೆಯ ಎದುರು ನಿಂತಳು. "ವಾಪಸ್ ಮೇಲಕ್ಕೆ ಹಾಕ್ಸಿ."

"ಆ ಹುಡುಗಿಯನ್ನ ಸುಮ್ಮನೆ ಹೆದರಿಸ್ತಿದ್ದೀರಿ ಮದಾಂ. ಈಗ ಮೇಲ್ಗಡೆ ಅಣೆಕಟ್ಟು ಇದೆ, ದಡದುದ್ದಕ್ಕೂ ಒಡ್ಡು ಇದೆ. ಅಂಥಾ ನೀರು ಇನ್ನು ಬರಲ್ಲ."

"ಹೌದಾ? ನದಿಗೆ ನೋಟಿಸ್ ಕೊಟ್ಟಿದ್ದೀರಾ?"

ಈ ಸಲ ಗುಂಪು ಅವಳ ಪರವಾಗಿ ನಕ್ಕಿತು. ಪಾಕ್ಲೆ ಪಟ್ಟಿ ಸರಿಮಾಡಿಕೊಂಡ. "ಕಲ್ಲು ಕದಲಿಸ್ಬೇಕಾದ್ರೆ ಸಮಿತಿ ಒಪ್ಪಬೇಕು. ವಾಸ್ತುಶಿಲ್ಪಿ ಒಪ್ಪಬೇಕು. ಗಾರೆ ಹೊಸದು. ಇಷ್ಟಕ್ಕೂ ಒಂದು ಕಲ್ಲಿಗೆ ಯಾಕಿಷ್ಟು ರಂಪ?"

"ಅದನ್ನ ಕೆತ್ತಿದ್ದು ನಮ್ಮಪ್ಪ. ಒಗ್ಯುಸ್ತ್ ಮರೆಶೋ. ಇದು ಅವರ ಅಂಗಡಿ."

ಪಾಕ್ಲೆ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಸಂತೋಷದಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

"ಮರೆಶೋ ಅವರ ಮಗಳು! ಕೆತ್ತಿದವರು ಯಾರು ಅಂತ ನಾವು ಹುಡುಕದ ಜಾಗ ಇಲ್ಲ. ಕೇಳಿ ಇಲ್ಲಿ, ಸಂಜೆ ಮೇಯರ್ ಬರ್ತಾರೆ, ಈ ಗೋಡೆಯ ಉದ್ಘಾಟನೆ. ಪರದೆ ನೀವೇ ಸರಿಸ್ತೀರಿ. ಪತ್ರಿಕೆಯವರು ಇರ್ತಾರೆ. ಕಲ್ಲಿನ ಕೆಳಗೆ ಹಿತ್ತಾಳೆ ಫಲಕದಲ್ಲಿ ನಿಮ್ಮ ತಂದೆಯ ಹೆಸರು, ದಪ್ಪ ಅಕ್ಷರದಲ್ಲಿ. ಅದಕ್ಕೆ ಯಾವ ಸಮಿತಿಯೂ ಬೇಡ, ನಾನೇ ಮಾಡಿಸ್ತೀನಿ."

ಸೊಲಾಂಜ್ ತಲೆಯೆತ್ತಿ ಬಾಗಿಲ ಮೇಲ್ಭಾಗ ನೋಡಿದಳು. ನೆರೆಯ ಮರುವರ್ಷ ಅಂಗಡಿ ಮುಚ್ಚಿ, ಅಪ್ಪ ಬೇರೆ ಊರಿನಲ್ಲಿ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಕತ್ತಿ ಹಿಡಿದಿದ್ದ. ಬಾಗಿಲ ಮೇಲಿದ್ದ ಮರೆಶೋ ಎಂಬ ಕೆಂಪು ಅಕ್ಷರದ ಮೇಲೆ ಎಷ್ಟು ಪದರ ಬಣ್ಣ ಬಿದ್ದಿದೆಯೋ. ಈ ಊರಿನಲ್ಲಿ ಅವನ ಹೆಸರು ಎಲ್ಲಿಯೂ ಇಲ್ಲ. ಹಿತ್ತಾಳೆ ಮಿನುಗುತ್ತದೆ, ಜನ ನಿಂತು ಓದುತ್ತಾರೆ.

"ಒಪ್ಕೋ ಕಣೇ," ಎಂದ ರೆಮೀ, ಅವಳ ಕಿವಿಯ ಹತ್ತಿರ ಬಂದು. ಅವನ ದನಿಯಲ್ಲಿ ಈಗ ತಮಾಷೆಯ ಸುಳಿವಿರಲಿಲ್ಲ. "ಅಪ್ಪನಿಗೆ ಇಷ್ಟಾದ್ರೂ ಆಗ್ಲಿ."

ಬಾಗಿಲಲ್ಲಿ ನೊಯೆಮೀ ಕೆಳಗಿನ ಕಪಾಟಿನ ಪುಸ್ತಕಗಳನ್ನು ತೋಳ ತುಂಬ ಅವುಚಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಸೊಲಾಂಜ್ ಅವಳನ್ನು ನೋಡಿದಳು, ಆಮೇಲೆ ಸೊಂಟದೆತ್ತರದ ಕಲ್ಲನ್ನು. ಈಗ ಆ ಸುಳ್ಳು ನಗರಸಭೆಯದು. ಕೆಳಗೆ ಹೆಸರು ಬಿದ್ದರೆ ಅದು ಅಪ್ಪನದಾಗುತ್ತದೆ.

"ಬೇಡ," ಎಂದಳು.

"ಮದಾಂ, ಅವಸರ ಏನಿಲ್ಲ. ಸಂಜೆವರೆಗೆ ಯೋಚನೆ ಮಾಡಿ..."

"ಬೇಡ ಅಂದ್ನಲ್ಲ."