ಮಗ್ಗದ ಸದ್ದಿನೊಳಗೆ ಒಂದು ಒಡಪು

ಹೆಂಡತಿಯ ಹೆಸರು ಹೇಳಬೇಕೆಂದರೆ ಲಗಮಣ್ಣನ ನಾಲಿಗೆಯೇ ಗಂಟು ಬೀಳುತ್ತಿತ್ತು. ಮನೆಯಲ್ಲಿ ಸಾತವ್ವನನ್ನು ಅವನು ಕರೆಯುತ್ತಿದ್ದುದು ‘ಏ, ಇಲ್ಲಿ ಕೇಳ’ ಎಂದೇ. ಲೋಕಾಪುರದಲ್ಲಿ ತಮ್ಮನ ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, “ಒಡಪು ಕಟ್ಟಿ ಹೇಂತಿ ಹೆಸರ ಹೇಳ್ರಿ” ಎಂದಾಗ, ಬೆವರುತ್ತ, ಪ್ರಾಸದ ಸಾಲೊಂದನ್ನೂ ಕಟ್ಟದೆ, ಸಾಲೆಯಲ್ಲಿ ಹಾಜರಿ ಕೂಗಿದಂತೆ “ಸಾತವ್ವ” ಎಂದಷ್ಟೇ ಹೇಳಿ ಪಾರಾಗಿದ್ದ. ಎಲ್ಲರ ಜೊತೆ ಅವಳೂ ನಕ್ಕಿದ್ದಳು. ಆದರೆ ಊರಿಗೆ ಮರಳುವಾಗ ಬಸ್ಸು ಮುಧೋಳ ಮುಟ್ಟುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆ ಕಿಟಕಿ ಅವನನ್ನು ಇನ್ನೂ ಚುಚ್ಚುತ್ತಿತ್ತು.

ಈಗ ಮಗಳು ವೈಶಾಲಿ ಬಸುರಿ. ಮುಂದಿನ ವಾರ ಬನಹಟ್ಟಿಯ ಮನೆಯಲ್ಲೇ ಕುಬಸದ ಕಾರ್ಯ. ಅಕ್ಕ ಶೇವಂತಿ ಹುನ್ನೂರಿನಿಂದ ಫೋನು ಹಚ್ಚಿ, “ಲೇ ಲಗಮ್ಯಾ, ಈ ಸಲ ಒಡಪ ಹೇಳದ ಉಣ್ಣಾಕ ಕೊಡಂಗಿಲ್ಲ ನೋಡ!” ಎಂದು ಹೆದರಿಸಿದ್ದಳು.

ಲಗಮಣ್ಣ ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಅದೇ ಶೆಡ್ಡಿನ ಆ ತುದಿಗೆ ಸಾತವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗಗಳು ಶುರುವಾದರೆ ಸಿಡಿಲು ಬಿದ್ದರೂ ಕೇಳುವಂತಿಲ್ಲ. ಚಹಾ ಬೇಕೆ, ನೂಲು ಮುಗಿಯಿತೆ, ಎಲ್ಲವನ್ನೂ ತುಟಿಯಾಡಿಸಿಯೇ ಹೇಳಬೇಕು. ಇಂಥ ಗದ್ದಲದಲ್ಲಿ ತನ್ನದು ಯಾರಿಗೆ ಕೇಳೀತು ಎಂದು ಲಗಮಣ್ಣ ಅಲ್ಲೇ ನಿಂತು, ಗಂಟಲು ಬಿಚ್ಚಿ ಒಡಪು ಕಟ್ಟಿದ:

“ಹೊಳಿ ತುಂಬಿ ಬಂತು ಹಿಪ್ಪರಗಿ ನೀರ,
ಸೀರಿ ತುಂಬ ನೇದೆ ಕೆಂಪು ದಾರ,
ಸಾತವ್ವ ನಕ್ಕರ ನನ್ನ ಎದಿ ಹಗುರ.”

ಹೇಳಿದವನ ಕಿವಿ ಬಿಸಿಯಾದವು. ಅಳಿಯನ ಮುಂದೆ ಇದನ್ನು ಹೇಳುವುದೆ? ಮಂದಿ ಏನಂದಾರು? ಕೊನೆಯ ಸಾಲನ್ನು ‘ಸಾತವ್ವ ಮಾಡಿದ ಪಲ್ಯಾ ಬಲು ಖಾರ’ ಎಂದು ಬದಲಿಸಿದ. ಪ್ರಾಸವೂ ಕೂಡಿತು, ಮಾನವೂ ಉಳಿಯಿತು. ಆದರೂ ಮಗ್ಗ ಓಡುವಾಗ ಹಳೆಯ ಸಾಲೇ ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು.

ಕುಬಸದ ದಿನ ಹಸಿರು ಬಳೆ ತೊಟ್ಟ ವೈಶಾಲಿಗೆ ಆರತಿಯಾದದ್ದೇ ತಡ, ಶೇವಂತಿ ತಮ್ಮನ ರಟ್ಟೆ ಹಿಡಿದು ನಡುವೆ ನಿಲ್ಲಿಸಿದಳು.

“ಹೂಂ, ಬಿಡಪಾ ಬಾಯಿ!”

ಹೊಳೆ ತುಂಬಿತು, ದಾರ ನೇದದ್ದಾಯಿತು. “ಸಾತವ್ವ ಮಾಡಿದ ಪಲ್ಯಾ...” ಎನ್ನುತ್ತ ತಲೆಯೆತ್ತಿದ. ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಿದ್ದ ಸಾತವ್ವ ‘ಅದಲ್ಲ’ ಎಂಬಂತೆ ಕತ್ತು ಅಲ್ಲಾಡಿಸಿದಳು. ಆಮೇಲೆ ಅವಳ ತುಟಿಗಳು ಸದ್ದಿಲ್ಲದೆ, ಶೆಡ್ಡಿನಲ್ಲಿ ಆಡುವಂತೆ ಆಡಿದವು: ನಕ್ಕರ... ನನ್ನ... ಎದಿ...

ಲಗಮಣ್ಣನಿಗೆ ಆಗ ಹೊಳೆಯಿತು. ಯಾರಿಗೂ ಕೇಳದ್ದನ್ನು ಇವಳು ವಾರವಿಡೀ ನೋಡಿದ್ದಾಳೆ!

“ಯಾಕೋ, ಪಲ್ಯಾ ಗಂಟಲದಾಗ ಸಿಕ್ಕೇತೇನ?” ಎಂದಳು ಶೇವಂತಿ.

“ಸಾತವ್ವ ನಕ್ಕರ ನನ್ನ ಎದಿ ಹಗುರ!” ಮಗ್ಗದ ಮುಂದೆ ಕೂಗಿ ಕೂಗಿ ರೂಢಿಯಾಗಿದ್ದ ದನಿ, ಓಣಿಗೆಲ್ಲ ಕೇಳಿಸಿತು. ಮನೆಯೇ ನಕ್ಕಿತು. “ಯಪ್ಪಾ, ಸಾವಕಾಶ!” ಎಂದು ವೈಶಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ಭುಜಗಳು ಕುಣಿಯುತ್ತಿದ್ದವು.

ಮರುದಿನ ಮಗ್ಗಗಳು ಮತ್ತೆ ಗುಡುಗಿದವು. ಆ ತುದಿಯಿಂದ ಸಾತವ್ವ ಇವನನ್ನೇ ನೋಡುತ್ತ, ಇವನ ಹೆಸರು ಸೇರಿಸಿ, ತುಟಿಯಲ್ಲೇ ಒಂದು ಒಡಪು ಅಂದಳು. ಲಗಮಣ್ಣನಿಗೆ ಚೆನ್ನಾಗಿಯೇ ತಿಳಿಯಿತು. ಆದರೂ ಕಿವಿಗೆ ಕೈ ಹಚ್ಚಿ, ತಿಳಿಯಲಿಲ್ಲ, ಇನ್ನೊಮ್ಮೆ ಎಂದು ಸನ್ನೆ ಮಾಡಿದ.

ಅವಳು ಇನ್ನೊಮ್ಮೆ ಹೇಳಿದಳು. ಅವನು ಮತ್ತೆ ಕಿವಿಗೆ ಕೈ ಹಚ್ಚಿದ.

‘ಕಳ್ಳ’ ಎಂದವು ತುಟಿಗಳು. ಎಂದ ಮೇಲೆ, ಮತ್ತೊಮ್ಮೆ ಹೇಳಿದವು.