ಏಳನೆಯ ಜಾಡಿಯ ಪುಣ್ಯ

ಪರದೇಶದ ಬಿಳಿಕಾಲಿನ ಸೀಗಡಿ ನಮ್ಮ ನದಿಯಲ್ಲಿ ಸಂತಾನ ಬೆಳೆಸಲಾರದು ಎಂಬ ವರದಿಯನ್ನು ಬರೆದು ಮುಗಿಸಿದ ಮೇಲೆ, ಅದಕ್ಕೊಂದು ಪ್ರಯೋಗವೂ ಬೇಕೆಂದು ನಮ್ಮ ಮೀನುಗಾರಿಕೆ ಸಂಶೋಧನಾ ಕೇಂದ್ರದ ನಿರ್ದೇಶಕ ಸುಮೇತ್ ಸಾಹೇಬರಿಗೆ ನೆನಪಾಯಿತು. ಪ್ರಯೋಗ ನನ್ನ ಪಾಲಿಗೆ ಬಂತು. ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ನೀರಿನ ಉಪ್ಪನ್ನು ಮೂರು ಸಲ ಅಳೆಯದೆ ನೆಮ್ಮದಿಯಿಲ್ಲ. ಏಪ್ರಿಲ್ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತಿತ್ತು. ಅದು ಮುಂದುವರಿಯಬೇಕಾದರೆ ಬದುಕಿದ ಮರಿಗಳ ಪಟ್ಟಿಯಲ್ಲಿ ಸೊನ್ನೆ ಇರಬೇಕು, ಸೊನ್ನೆಯ ಕೆಳಗೆ ನನ್ನ ಸಹಿ ಇರಬೇಕು.

ಮಳೆಗಾಲದಲ್ಲಿ ಹಿಡಿದಿಟ್ಟಿದ್ದ ನದಿನೀರಿನ ಆರು ಜಾಡಿಗಳು ಸಾಹೇಬರ ಮಾತು ಕೇಳಿದವು. ಆ ಸಪ್ಪೆ ನೀರಿನಲ್ಲಿ ಎಳೆಮರಿಗಳು ಮೂರನೆಯ ದಿನಕ್ಕೇ ತಳ ಸೇರಿದವು. ಏಳನೆಯದಕ್ಕೆ ಮಾತ್ರ, ಯಾರೂ ಹೇಳದಿದ್ದರೂ, ನಾನು ಬೇಸಿಗೆಯ ನೀರು ತುಂಬಿದೆ. ಬೇಸಿಗೆಯಲ್ಲಿ ನಮ್ಮ ಈ ಬಾಂಗ್ ಪಕೊಂಗ್ ನದಿಯೊಳಕ್ಕೆ ಸಮುದ್ರದ ಉಪ್ಪುನೀರೇ ಏರಿ ಬರುತ್ತದಲ್ಲ. ನೀರು ತಂದುಕೊಟ್ಟವಳು ಬಲೆ ಬೀಸುವ ಲಮ್ಯಾಯ್ ಅತ್ತೆ.

"ಲೇ ನೊಯ್ನಾ, ನಿಮ್ ಸಾಹೇಬ ಈ ನೀರು ಒಂದ್ಸಲ ನಾಲಿಗೆ ಮೇಲೆ ಇಟ್ಕೊಂಡಿದಾನಾ? ನನ್ನ ಬಲೇಲಿ ಹತ್ತರಲ್ಲಿ ನಾಲ್ಕು ಬಿಳಿಕಾಲಿನವೇ."

"ಅವು ಸಾಕೋ ಕೊಳದಿಂದ ತಪ್ಪಿಸ್ಕೊಂಡವಂತೆ ಅತ್ತೆ. ಇಲ್ಲಿ ಹುಟ್ಟಿದವಲ್ವಂತೆ."

"ಹೂಂ, ಹುಟ್ಟಿದ ಚೀಟಿ ತೋರಿಸಿ ಅಂತ ಕೇಳಿದ್ನೇನೋ!"

ಹನ್ನೆರಡನೆಯ ದಿನ ಏಳನೆಯ ಜಾಡಿಯಲ್ಲಿ ನಾನ್ನೂರ ಹನ್ನೆರಡು ಪುಟಾಣಿ ಸೀಗಡಿಗಳು ಈಜುತ್ತಿದ್ದವು. ತಪ್ಪಿದೆನೇನೋ ಎಂದು ಮತ್ತೆ ಎಣಿಸಿದೆ. ನಾನ್ನೂರ ಹದಿಮೂರು.

ಅಂದು ಸಾಹೇಬರ ಐವತ್ತೊಂಬತ್ತನೆಯ ಹುಟ್ಟುಹಬ್ಬ. ಭಿಕ್ಷುಗಳಿಗೆ ಅನ್ನ ನೀಡಿ ಪ್ರಸನ್ನರಾಗಿ ಬಂದವರು ಜಾಡಿಗೆ ಬಗ್ಗಿ ನೋಡಿ ಮುಖ ಗಂಟಿಕ್ಕಿದರು.

"ಏಳನೇದು ಇಡು ಅಂತ ಯಾರಮ್ಮ ಹೇಳಿದ್ದು? ಇದು ಲೆಕ್ಕಕ್ಕಿಲ್ಲ. ಸೊನ್ನೆ ಬರಿ."

"ಹಾಗಾದ್ರೆ ಇವನ್ನ ಏನ್ಮಾಡ್ಲಿ ಸಾರ್? ನಿಯಮದ ಪ್ರಕಾರ ಬ್ಲೀಚಿಂಗ್ ಪುಡಿ ಹಾಕಿ..."

"ಛೀ! ಹುಟ್ಟುಹಬ್ಬದ ದಿನ ನಾನ್ನೂರು ಜೀವ ತೆಗೆಯೋದಾ?"

ಹುಟ್ಟುಹಬ್ಬಕ್ಕೆ ಜೀವಗಳನ್ನು ನೀರಿಗೆ ಬಿಟ್ಟರೆ ನಮ್ಮಲ್ಲಿ ಆಯುಸ್ಸು ಹೆಚ್ಚುತ್ತದೆ. ಸಾಹೇಬರು ನದಿಯ ಕಟ್ಟೆಯ ಮೇಲೆ ಚಪ್ಪಲಿ ಕಳಚಿ, ಜಾಡಿಯನ್ನು ಹಣೆಗೆ ಮುಟ್ಟಿಸಿ, ಉಬ್ಬರದ ನೀರಿಗೆ ಮೆಲ್ಲಗೆ ಬಗ್ಗಿಸಿದರು. ಸಿಬ್ಬಂದಿಯೆಲ್ಲ ಕೈಮುಗಿದರು. ನಾನೂ ಮುಗಿದೆ, ಅಭ್ಯಾಸಬಲ. ದೋಣಿಯಲ್ಲಿದ್ದ ಲಮ್ಯಾಯ್ ಅತ್ತೆ ಎದ್ದು ನಿಂತಳು.

"ಸಾಧು, ಸಾಧು! ದೊಡ್ಡವಾದ್ಮೇಲೆ ನಿಮಗೇ ಹುರಿದು ತರ್ತೀನಿ ಸಾಹೇಬ್ರೆ."

"ಅವು ಈ ನದೀಲಿ ಬದುಕಲ್ಲಮ್ಮ. ವರದಿಯಲ್ಲೇ ಇದೆ."

"ಸಾಯೋಕೆ ಬಿಟ್ರೆ ಪುಣ್ಯ ಎಲ್ಲಿಂದ ಬರುತ್ತೆ?"

ಸಾಹೇಬರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ನಾನು ಪಟ್ಟಿ ತೆರೆದೆ. ಸೊನ್ನೆಯ ಜಾಗದಲ್ಲಿ ಬರೆದೆ: 'ಏಳನೆಯ ಜಾಡಿ. ಬದುಕಿದವು ನಾನ್ನೂರ ಹನ್ನೆರಡು, ಅಥವಾ ಹದಿಮೂರು. ವಿಲೇವಾರಿ: ಉಬ್ಬರದ ವೇಳೆ ನದಿಗೆ, ಸ್ವತಃ ನಿರ್ದೇಶಕರ ಕೈಯಿಂದ.' ಸಹಿ ಹಾಕಿದೆ. ಅಂಕಿಗಳು ಅರ್ಥವಾಗುತ್ತವೋ ಇಲ್ಲವೋ ಎಂದು ಇನ್ನೊಮ್ಮೆ ತಿದ್ದಿದೆ.

ಗುತ್ತಿಗೆ ಮುಂದುವರಿಯಲಿಲ್ಲ. ಈಗ ಲಮ್ಯಾಯ್ ಅತ್ತೆಯ ದೋಣಿಯಲ್ಲಿ ಬಿಳಿಕಾಲಿನವನ್ನು ಬೇರ್ಪಡಿಸುತ್ತೇನೆ. ಹತ್ತರಲ್ಲಿ ಐದು. ಎರಡು ಸಲ ಎಣಿಸಿದ್ದೇನೆ.